ಲಾದ್ರು ಊದಿದ ತಟ್ಟೆ

ನಮ್ಮ ಊರಿನಲ್ಲಿ ಜಾಝ್ ಕೇಳುವವರು ನಾಲ್ಕೇ ಜನ ಇದ್ದೆವು. ನಮ್ಮ ಅಭಿರುಚಿ ದೊಡ್ಡದು ಎಂದು ಯಾರೂ ತಿಳಿಯಬೇಕಾಗಿಲ್ಲ. ಉಳಿದ ಹಾಡುಗಳೆಲ್ಲ ಮುಗಿದು ಹೋಗಿದ್ದವು, ಅಷ್ಟೆ.

ನಮ್ಮಲ್ಲಿ ಒಂದು ರೆಕಾರ್ಡು ಒಂದೇ ಸಲ ಹಾಡುತ್ತದೆ. ಅದೇ ರೆಕಾರ್ಡಿನ ಇನ್ನೊಂದು ಪ್ರತಿ ತಂದರೂ, ಕ್ಯಾಸೆಟ್ಟಿಗೆ ಇಳಿಸಿ ತಂದರೂ, ಸಿಡಿ ತಂದರೂ ವ್ಯತ್ಯಾಸವಿಲ್ಲ. ಊರಿನವರೊಬ್ಬರ ಕಿವಿಗೆ ಒಮ್ಮೆ ಬಿತ್ತೆಂದರೆ ಆಮೇಲೆ ಮುಳ್ಳು ಕೆರೆಯುವ ಸದ್ದು ಮಾತ್ರ. ಪೇಟೆಗೆ ಹೋಗಿ ಕೇಳಿ ಬಂದರೂ ಇಲ್ಲಿ ಅದು ಮುಗಿದಂತೆಯೇ. ಹಾಗಾಗಿ ಪೇಟೆಯ ಬಸ್ಸು ಸೇತುವೆ ದಾಟುವಾಗ ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಟಿಕೇಟಿನ ಜೊತೆ ಎರಡು ಉಂಡೆ ಹತ್ತಿ ಕಂಡಕ್ಟರನೇ ಕೊಡುತ್ತಾನೆ. ಸಿನಿಮಾ ಹಾಡುಗಳನ್ನು ಚಹಾದ ಅಂಗಡಿಯವರು ನಾನು ಹುಟ್ಟುವ ಮೊದಲೇ ಮುಗಿಸಿದ್ದರು. ಭಕ್ತಿಗೀತೆಗಳು ಒಂದು ನವರಾತ್ರಿಯ ಒಂಬತ್ತು ದಿನಗಳಲ್ಲಿ ಖರ್ಚಾದವು. ಎದುರಿಗೆ ಕೂತು ಹಾಡುವುದಕ್ಕೆ, ಬಾರಿಸುವುದಕ್ಕೆ ಯಾವ ತೊಂದರೆಯೂ ಇಲ್ಲದ್ದರಿಂದ ಮದುವೆಗಳಲ್ಲಿ ಅತ್ತೆ ಮಾವಂದಿರೇ ಹಾಡಿಕೊಳ್ಳುತ್ತಿದ್ದರು. ರೆಕಾರ್ಡುಗಳಲ್ಲಿ ಯಾರೂ ಕೈಹಾಕದೆ ಉಳಿದದ್ದು ಜಾಝ್ ಒಂದೇ. ಒಂದೇ ರಾಗವನ್ನು ಇವತ್ತು ಒಂದು ಬಗೆ ನಾಳೆ ಇನ್ನೊಂದು ಬಗೆ ನುಡಿಸುವ ಜನ ಅವರು. ಸೋಮವಾರ ನುಡಿಸಿದ್ದು ಮುಗಿದರೂ ಮಂಗಳವಾರ ನುಡಿಸಿದ್ದು ನಮಗೆ ಉಳಿದಿರುತ್ತಿತ್ತು.

ಭಾನುವಾರ ಸಾಯಂಕಾಲ ನಾಲ್ಕಕ್ಕೆ ನಾವು ಇದಿನಬ್ಬ ಬ್ಯಾರಿಗಳ ಅಂಗಡಿಯ ಮಾಳಿಗೆಯಲ್ಲಿ ಸೇರುತ್ತಿದ್ದೆವು. ಕೆಳಗೆ ಅವರ ಹೊಲಿಗೆ ಮೆಷಿನ್ ರಿಪೇರಿ; ಮೇಲೆ ಒಂದು ಕೀ ಕೊಡುವ ಗ್ರಾಮಫೋನು, ಒಂದು ಕರೆಂಟಿನ ರೆಕಾರ್ಡ್ ಪ್ಲೇಯರು, ಹೊಸದಾಗಿ ಬಂದ ಸಿಡಿ ಪ್ಲೇಯರು. ಎರಡನೆಯವರು ಅಚ್ಯುತ ಮಾಸ್ಟ್ರು, ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಮೂರನೆಯವರು ಬಸ್ತ್ಯಾಂವ್ ಪೊರ್ಬುಗಳು. ಪ್ರಾಯದಲ್ಲಿ ದೂರದ ದೊಡ್ಡ ಪಟ್ಟಣದ ಹೋಟೆಲೊಂದರ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು, ಈಗ ಇಗರ್ಜಿಯ, ಅಂದರೆ ಚರ್ಚಿನ, ಹಾರ್ಮೋನಿಯಂ ಸರಿ ಮಾಡಿಕೊಂಡಿದ್ದರು. ನಾಲ್ಕನೆಯವಳು ನಾನು, ಜಲಜಾಕ್ಷಿ, ಹಂಚಿನ ಕಾರ್ಖಾನೆಯ ಟೈಪಿಸ್ಟು.

ಮೊದಲು ಅವರವರು ಕೊಂಡು ತಂದದ್ದನ್ನು ಮೇಜಿನ ಮೇಲೆ ಇಡುವುದು. ಕವರು ಕೈಯಿಂದ ಕೈಗೆ ಹೋಗುತ್ತದೆ. ಯಾರು ಡ್ರಮ್, ಯಾರು ಪಿಯಾನೊ ಎಂದು ಸಣ್ಣ ಅಕ್ಷರಗಳನ್ನೆಲ್ಲ ಓದುತ್ತೇವೆ. ಆಮೇಲೆ ಯಾವುದನ್ನು ಹಾಕುವುದೆಂದು ವಾದ. ವಾರಕ್ಕೆ ಒಂದೇ ಹಾಕುವುದು, ಎರಡು ಹಾಕಿದರೆ ಮೊದಲನೆಯದು ತಲೆಯಿಂದ ಅಳಿಸಿ ಹೋಗುತ್ತದೆ. ಹಾಕುವಾಗ ಕೆಮ್ಮಬಾರದು, ಮಾಸ್ಟ್ರಿಗೆ ನೆಗಡಿಯಿದ್ದರೆ ಅವರೇ ಎದ್ದು ಮೆಟ್ಟಿಲಿಗೆ ಹೋಗುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ನಿಯಮ, ಯಾರೂ ಒಬ್ಬರೇ ಕೇಳಬಾರದು.

ಆ ವರ್ಷ ಗಣೇಶ ಚೌತಿ ಕಳೆದ ಮೇಲೆ ಕಾರ್ಖಾನೆಯ ಕಾಗದಪತ್ರ ಕೊಡಲು ನಾನು ಪೇಟೆಗೆ ಹೋಗಿದ್ದೆ. ಗಡಿಯಾರ ಗೋಪುರದ ಹಿಂದೆ ಹಳೆ ಸಾಮಾನಿನ ಅಂಗಡಿಯೊಂದಿದೆ. ನನ್ನ ಕಿವಿಯಲ್ಲಿ ಹತ್ತಿ ಇರುವುದರಿಂದ ಅಂಗಡಿಯವನೂ ನಾನೂ ಚೀಟಿ ಬರೆದೇ ಮಾತಾಡುವುದು. ಅವನು ಒಂದು ಸಣ್ಣ ಕಪ್ಪು ತಟ್ಟೆ ತೆಗೆದು ಕೊಟ್ಟ. ಹಳೆಯ ಕಾಲದ್ದು, ಒಂದೊಂದು ಬದಿಗೆ ಮೂರು ನಿಮಿಷ ಓಡುವಂಥದ್ದು. ಲೇಬಲಿನಲ್ಲಿ ಒಂದು ಹೋಟೆಲಿನ ಬ್ಯಾಂಡಿನ ಹೆಸರು, ಅದರ ಕೆಳಗೆ ನುಡಿಸಿದವರದ್ದು. ಟ್ರಂಪೆಟ್ ಎಂಬ ಮಾತಿನ ಎದುರು ಲಾಜರಸ್ ರೇಗೊ ಎಂದಿತ್ತು. ಅಂದರೆ ಬಸ್ತ್ಯಾಂವ್ ಪೊರ್ಬುಗಳ ಅಣ್ಣ ಲಾದ್ರು; ರೇಗೊ ಅವರ ಮನೆತನದ ಹೆಸರು, ಪೊರ್ಬು ಎಂದು ಊರವರು ಮರ್ಯಾದೆಗೆ ಕರೆಯುವುದು. ಸತ್ತು ಮೂವತ್ತನಾಲ್ಕು ವರ್ಷವಾಗಿತ್ತು. ಅವರ ರೆಕಾರ್ಡೊಂದು ಇದೆ ಎಂದು ಪೊರ್ಬುಗಳು ಆಗಾಗ ಹೇಳುತ್ತಿದ್ದರು, ನಾವು ನೋಡಿರಲಿಲ್ಲ. ನಾನು ಅದನ್ನು ಸೀರೆಯೊಂದರಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ.

ಆ ಭಾನುವಾರ ಇದಿನಬ್ಬ ಬ್ಯಾರಿಗಳು ಒಂದು ಸಿಡಿ ತಂದಿದ್ದರು. ಅದರ ಡ್ರಮ್ಮಿನವನಿಗೆ ಎಡಗೈಯಲ್ಲಿ ಮೂರೇ ಬೆರಳಂತೆ, ಆ ಸುದ್ದಿ ತಿಳಿದೇ ಕೊಂಡದ್ದು. ಮಾಸ್ಟ್ರಿಗೆ ಟಪಾಲಿನಲ್ಲಿ ಎರಡು ದೊಡ್ಡ ರೆಕಾರ್ಡು ಬಂದಿದ್ದವು, ಒಂದರ ಕವರಿಗೆ ನೀರು ಬಿದ್ದು ಪಿಯಾನೊದವನ ಮುಖ ಊದಿಕೊಂಡಿತ್ತು. ನಾನು ಕೊನೆಗೆ ಸೀರೆ ಬಿಚ್ಚಿದೆ.

ಪೊರ್ಬುಗಳು ತಟ್ಟೆಯನ್ನು ಕಿಟಕಿಯ ಹತ್ತಿರ ಹಿಡಿದು ಓದಿದರು. ಅವರ ಹೆಬ್ಬೆರಳು ಹೆಸರಿನ ಮೇಲೆ ನಿಂತಿತ್ತು.

"ಇದು ನಮ್ಮ ಲಾದ್ರು" ಎಂದರು.

ಇದಿನಬ್ಬ ಬ್ಯಾರಿಗಳು ಆಗಲೇ ಗ್ರಾಮಫೋನಿಗೆ ಕೀ ಕೊಡಲು ಶುರು ಮಾಡಿದ್ದರು. ಪೊರ್ಬುಗಳು ಅವರ ಕೈ ಹಿಡಿದರು.

"ಇವತ್ತು ಬೇಡ ಬ್ಯಾರಿಗಳೇ. ಬಲದ ಕಿವಿಯಲ್ಲಿ ಕೀವು ಉಂಟು. ಡಾಕ್ಟ್ರು ಏಳು ದಿನಕ್ಕೆ ಮದ್ದು ಬಿಡ್ಲಿಕ್ಕೆ ಕೊಟ್ಟಿದ್ದಾರೆ. ಈಗ ಹಾಕಿದ್ರೆ ನಂಗೆ ಅರ್ಧವೇ ಸಿಗುದು."

ಎಡಗಿವಿ ಎರಡು ವರ್ಷದ ಹಿಂದೆಯೇ ಹೋಗಿತ್ತೆಂದು ನಮಗೆ ಗೊತ್ತಿತ್ತು. ಬಲದ್ದೂ ಕ್ರಿಸ್‌ಮಸ್ಸಿನ ತನಕ ಉಳಿದರೆ ಪುಣ್ಯ ಎಂದು ಡಾಕ್ಟರು ಹೇಳಿದ್ದನ್ನು ಅವರು ಅವತ್ತು ಹೇಳಿದರು. ಮುಂದಿನ ಭಾನುವಾರ ಹಾಕುವುದೆಂದು ತೀರ್ಮಾನವಾಯಿತು. ತಟ್ಟೆ ನನ್ನ ಮನೆಯ ಕಪಾಟಿನಲ್ಲಿರಲಿ ಎಂದರು. ಆ ದಿನ ಬೇರೆ ಯಾವುದನ್ನೂ ಹಾಕಲಿಲ್ಲ.

ಬುಧವಾರ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಅರುವತ್ತರ ಹತ್ತಿರದ ಪ್ರಾಯ, ಹುಬ್ಬಿನಲ್ಲಿ ಹಿಟ್ಟು. ಬೇಕರಿಯ ಸೆವ್ರಿನ್ ಬಾಯಿ ಎಂದು ಗುರುತು ಹತ್ತಿತು. ಲಾದ್ರುವಿನ ಹೆಂಡತಿ. ಮೈದುನ ಬಸ್ತ್ಯಾಂವ್ ಅವರ ಜೊತೆ ಮಾತು ಬಿಟ್ಟು ಮೂವತ್ತನಾಲ್ಕು ವರ್ಷ. ಅವರು ಇಗರ್ಜಿಗೆ ಹೋಗುವ ಹೊತ್ತಿಗೆ ಇವರು ಹೋಗುವುದಿಲ್ಲ. ಪೊರ್ಬುಗಳ ಮನೆಗೆ ಇವರ ಬ್ರೆಡ್ಡು ಹೋಗುವುದಿಲ್ಲ.

"ನನ್ನ ಗಂಡನ ರೆಕಾರ್ಡು ನಿಮ್ಮ ಹತ್ರ ಉಂಟಂತೆ" ಎಂದರು.

"ಉಂಟು ಬಾಯಿ."

"ಭಾನುವಾರ ಹಾಕ್ತೀರಂತೆ."

"ಹೌದು. ನಿಮಗೆ ಹೇಳ್ಬೇಕು ಅಂತಲೇ ಇದ್ದೆ. ನೀವೂ ಬನ್ನಿ."

"ಹಾಕ್ಬೇಡಿ" ಎಂದರು. "ಯಾಕೆ ಅಂತ ಹೇಳ್ತೇನೆ, ಬನ್ನಿ ನನ್ನೊಟ್ಟಿಗೆ."

ಬೇಕರಿಯ ಒಳಗೆ, ಮೈದಾ ಮೂಟೆಗಳ ಹಿಂದೆ ಒಂದು ಮರದ ಪೆಟ್ಟಿಗೆಯಿತ್ತು. ಅದರಿಂದ ಬಿಳಿ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ನನ್ನ ಕಪಾಟಿನಲ್ಲಿದ್ದ ಅದೇ ತಟ್ಟೆ, ಅದೇ ಲೇಬಲು. ಒಂದು ಗೀರೂ ಇರಲಿಲ್ಲ.

"ಅವರೇ ಟಪಾಲಿನಲ್ಲಿ ಕಳಿಸಿದ್ದು. ಗುರುವಾರ ಬಂತು. ಒಂದು ಕಾಗದವೂ ಇತ್ತು. ನಾನು ಬರುವ ತಿಂಗಳು ಬರ್ತೇನೆ, ಒಟ್ಟಿಗೆ ಕೇಳುವ, ಅಲ್ಲಿಯವರೆಗೆ ಹಾಕ್ಬೇಡ, ಅದ್ರಲ್ಲಿ ನಿಂಗೆ ಅಂತ ಒಂದು ತುಂಡು ಊದ್ಲಿಕ್ಕುಂಟು ಅಂತ ಹೇಳಿದ್ದೆನಲ್ಲ, ನೋಡುವ ಗುರುತು ಸಿಗ್ತದಾ ಅಂತ. ಹೀಗೆ ಬರ್ದಿದ್ರು. ಭಾನುವಾರ ತಂತಿ ಬಂತು, ಹೋಗಿ ಬಿಟ್ರು ಅಂತ." ಅವರು ಬಟ್ಟೆಯ ಮೂಲೆಯನ್ನು ಸರಿಮಾಡಿದರು. "ಹಾಕ್ಬೇಡ ಅಂದಿದ್ರು. ಇಷ್ಟು ವರ್ಷ ಹಾಕ್ಲಿಲ್ಲ. ನೀವು ಅಲ್ಲಿ ಹಾಕಿದ್ರೆ ಇಲ್ಲಿ ಇದು ಸತ್ತು ಹೋಗ್ತದೆ. ಗೊತ್ತುಂಟಲ್ಲ ನಿಮಗೆ."

ನನಗೆ ಗೊತ್ತಿತ್ತು. ಆದರೂ ಪೊರ್ಬುಗಳ ಕಿವಿಯ ವಿಷಯ ಹೇಳಿದೆ. ಕ್ರಿಸ್‌ಮಸ್ಸಿನ ಮಾತನ್ನೂ ಹೇಳಿದೆ.

"ಹೋದ್ರೆ ಹೋಗ್ಲಿ. ಅವ ಬಿಟ್ಟು ಬಂದವ. ಅಣ್ಣ ತಮ್ಮ ಒಟ್ಟಿಗೆ ಹೋದವರು, ಇವ ಅರ್ಧದಲ್ಲಿ ಒಬ್ಬನೇ ಊರಿಗೆ ಬಂದ. ಅದಾಗಿ ಒಂದು ತಿಂಗಳು ಇಲ್ಲ, ನನ್ನವರಿಗೆ ಕಾಮಾಲೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಲಗಿದ್ರು. ಒಂದು ಲೋಟ ನೀರು ಕೊಡ್ಲಿಕ್ಕೆ ಜನ ಇರ್ಲಿಲ್ಲ. ಮಣ್ಣು ಮಾಡಿದ್ದೂ ಹೋಟೆಲಿನವರೇ. ನಾನು ಮುಖ ಕೂಡಾ ನೋಡ್ಲಿಲ್ಲ."

ನಾನು ತಡೆದು ತಡೆದು ಕೇಳಿದೆ, "ನಿಮಗಾದ್ರೂ ಕೇಳ್ಬೇಕು ಅಂತ ಆಗುದಿಲ್ವಾ ಬಾಯಿ?"

ಅವರು ಒಲೆಯ ಕಡೆ ನೋಡುತ್ತಾ ನಿಂತರು. "ಆ ತುಂಡು ಅದ್ರಲ್ಲಿ ಇಲ್ಲದೆ ಇದ್ರೆ?" ಎಂದರು. "ಹಾಕದೆ ಇರುವಷ್ಟು ದಿನ ಅದು ಉಂಟು."

ಗಂಟು ಕಟ್ಟಿ ಪೆಟ್ಟಿಗೆಗೆ ಹಾಕಿದ ಮೇಲೆ ಅವರ ದನಿ ಬದಲಾಯಿತು. "ಅವ ಕೇಳಿ ನಾನು ಕೇಳದೆ ಮುಗಿದು ಹೋಗುದು ಮಾತ್ರ ನಾನು ಇರುವಾಗ ಆಗ್ಲಿಕ್ಕಿಲ್ಲ. ಭಾನುವಾರ ನೀವು ಹಾಕುದು ನಿಶ್ಚಯ ಅಂತಾದ್ರೆ ಅದಕ್ಕಿಂತ ಮೊದಲು ನಾನೇ ಹಾಕಿ ಬಿಡ್ತೇನೆ. ಹೇಳಿ ಅವನಿಗೆ."

ಆ ಮಧ್ಯಾಹ್ನ ನಾನು ಟೈಪು ಮಾಡಿದ ಮೂರು ಕಾಗದಗಳನ್ನು ಮ್ಯಾನೇಜರು ವಾಪಸು ಕಳಿಸಿದರು.

ಪೊರ್ಬುಗಳನ್ನು ನಾನು ಮರುದಿನ ಇಗರ್ಜಿಯಲ್ಲಿ ಕಂಡೆ. ಹಾರ್ಮೋನಿಯಮ್ಮಿನ ಹಿಂಬದಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಬಲದ ಕಿವಿಯಲ್ಲಿ ಮದ್ದಿನ ಹತ್ತಿ. ಅದರ ಹತ್ತಿರ ಬಾಯಿಟ್ಟು ಗಟ್ಟಿಯಾಗಿಯೇ ಹೇಳಬೇಕಾಯಿತು. ಬೇಕರಿಯಲ್ಲಿ ಗುಟ್ಟಾಗಿ ಕೇಳಿದ್ದೆಲ್ಲ ಇಗರ್ಜಿಯ ಗೋಡೆಗಳಿಗೆ ತಾಗಿ ವಾಪಸು ಬರುತ್ತಿತ್ತು. ಸೆವ್ರಿನ್ ಬಾಯಿಯ ಹತ್ತಿರವೂ ಒಂದು ತಟ್ಟೆಯಿದೆ ಎಂದಾಗ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು.

"ಬಿಟ್ಟು ಬಂದದ್ದು ಹೌದು" ಎಂದರು. "ಅದನ್ನು ರೆಕಾರ್ಡು ಮಾಡಿದ ದಿನ ಬೆಳಿಗ್ಗೆಯೇ ಬಂದದ್ದು. ನನ್ನ ಕ್ಲಾರಿನೆಟ್ಟಿಗೆ ಅವ ಎಂಟು ಸುತ್ತು ಇಟ್ಟಿದ್ದ. ನಾಲ್ಕು ನಾಲ್ಕು ಎಣಿಕೆಯ ಎಂಟು ಸುತ್ತು, ಅಷ್ಟೇ. ಅವನಿಗೆ ಮೂವತ್ತೆರಡು. ನಂಗೆ ಹದಿನಾರಾದ್ರೂ ಬೇಕು ಅಂತ ನಾನು. ರೆಕಾರ್ಡಿನಲ್ಲಿ ಎಲ್ಲಾದಕ್ಕೂ ಜಾಗ ಇಲ್ಲ ಮಾರಾಯ ಅಂತ ಅವ. ಮಾತಿಗೆ ಮಾತು ಬೆಳೆಯಿತು. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಬಾಗಿಲಲ್ಲಿ ನಿಂತು ಅವ ಹೇಳಿದ, ಹೋಗುದಾದ್ರೆ ಹೋಗು, ನಿನ್ನ ಎಂಟು ಸುತ್ತು ನಾನು ಯಾರಿಗೂ ಕೊಡುದಿಲ್ಲ ಅಂತ. ಸಿಟ್ಟಿನಲ್ಲಿ ಹೇಳಿದನಾ, ಹೇಗೆ ಹೇಳಿದ, ನಂಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಕ್ಲಾರಿನೆಟ್ ಊದುವವರು ಬೇಕಾದಷ್ಟು ಇದ್ರು. ಒಬ್ಬನನ್ನು ಕರ್ಸಿ ಕೂರಿಸಿದನಾ, ಇಲ್ಲ ನಿಜಕ್ಕೂ ಖಾಲಿ ಬಿಟ್ಟನಾ? ಅದೊಂದು ಗೊತ್ತಾದ್ರೆ ಸಾಕು."

"ಲೇಬಲಿನಲ್ಲಿ ಕ್ಲಾರಿನೆಟ್ಟಿನ ಹೆಸರಿಲ್ಲ" ಎಂದೆ.

"ಲೇಬಲಿನವರಿಗೆ ಎಂತ ಗೊತ್ತು."

"ಬಾಯಿ ಮೊದಲೇ ಹಾಕಿ ಬಿಟ್ರೆ?"

ಅವರು ಸ್ಕ್ರೂಡ್ರೈವರನ್ನು ಮತ್ತೆ ಎತ್ತಿಕೊಂಡರು. "ಹಾಕ್ಲಿ. ಅವರ ಗಂಡ. ಹಾಕಿದ ಮೇಲೆ ಅವರ ಹತ್ರ ಒಂದೇ ಒಂದು ಮಾತು ಕೇಳಿ ಬನ್ನಿ ಜಲಜಾಕ್ಷಿ, ನಡುವಲ್ಲಿ ಎಲ್ಲಿಯಾದ್ರೂ ಖಾಲಿ ಇತ್ತಾ ಅಂತ."

ಇಬ್ಬರ ನಡುವೆ ಓಡಾಡುವುದು ನನ್ನ ಪಾಲಿಗೆ ಬಂದಿತ್ತು. ಶುಕ್ರವಾರ ಕಾರ್ಖಾನೆ ಬಿಟ್ಟವಳು ಸೀದಾ ಬೇಕರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಸೆವ್ರಿನ್ ಬಾಯಿ ಹಿಟ್ಟು ನಾದುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

"ಎಂಟು ಸುತ್ತಿಗಾ?" ಎಂದರು. "ಎಂಟು ಸುತ್ತಿಗೆ ಬಿಟ್ಟು ಬಂದದ್ದಾ ಅವ?"

"ಹೌದಂತೆ."

"ನನ್ನ ಹತ್ರ ಒಂದು ಸಲವೂ ಹೇಳ್ಲಿಲ್ಲ."

"ಹೇಳ್ಲಿಕ್ಕೆ ಬಂದ್ರೆ ನೀವು ಬಾಗಿಲು ತೆಗೀಲಿಲ್ಲ ಅಂತ."

ಅವರು ಹಿಟ್ಟಿನ ಮುದ್ದೆಯನ್ನು ಎತ್ತಿ ಹಲಗೆಗೆ ಹೊಡೆದರು. "ನೀವು ಹೋಗಿ. ಒಲೆ ಆರ್ತದೆ" ಎಂದರು.

ಶನಿವಾರ ಮಧ್ಯಾಹ್ನ ಶಾಲೆಯ ಗ್ರಾಮಫೋನನ್ನು ಇಬ್ಬರು ಹೊತ್ತು ಬೇಕರಿಗೆ ಸಾಗಿಸಿದರಂತೆ. ಅದನ್ನು ಕಣ್ಣಾರೆ ಕಂಡ ಇದಿನಬ್ಬ ಬ್ಯಾರಿಗಳು ಅಂಗಡಿ ಮುಚ್ಚಿ, ಅಚ್ಯುತ ಮಾಸ್ಟ್ರನ್ನೂ ಕರೆದುಕೊಂಡು ನೇರ ನನ್ನ ಮನೆಗೆ ಬಂದರು. ಚಾವಡಿಯಲ್ಲಿ ಕೂರಲೂ ಇಲ್ಲ.

"ತಟ್ಟೆ ತೆಗೀರಿ ಜಲಜಕ್ಕ. ಪೊರ್ಬುಗಳನ್ನು ಕರೀಲಿಕ್ಕೆ ಜನ ಕಳಿಸಿದ್ದೇನೆ. ಈಗಲೇ ಹಾಕುವ."

"ಅವರ ಮದ್ದು ನಾಳೆಗೆ ಮುಗಿಯುದಲ್ವಾ?"

"ನಾಳೆ ಅಂತ ಕೂತ್ರೆ ಎಂತ ಸಿಗ್ತದೆ? ಮುಳ್ಳಿನ ಸದ್ದು. ಅವರಿಗೆ ಅರ್ಧವಾದ್ರೂ ಸಿಗ್ಲಿ."

ಮಾಸ್ಟ್ರು ಸಮಾಧಾನದ ಮನುಷ್ಯ, ಅವತ್ತು ಅವರೂ ಅದನ್ನೇ ಹೇಳಿದರು. "ಬಾಯಿ ಈಗಾಗ್ಲೇ ಹಾಕಿದ್ರೋ ಏನೋ. ನಾವು ಹಾಕಿ ನೋಡುವವರೆಗೆ ಗೊತ್ತಾಗುದಿಲ್ಲ. ತಡ ಮಾಡುದ್ರಲ್ಲಿ ಅರ್ಥ ಇಲ್ಲ."

ಕಪಾಟಿನ ಕೀ ನನ್ನ ಸೆರಗಿನಲ್ಲಿತ್ತು. ತೆಗೆದುಕೊಟ್ಟು ಬಿಡಬೇಕೆಂದು ನನಗೂ ಅನಿಸಿತು. ಸುಳ್ಳು ಹೇಳುವುದಿಲ್ಲ, ಆ ವಾರ ಎರಡು ಸಲ ನಾನು ಒಬ್ಬಳೇ ಅದನ್ನು ಹೊರಗೆ ತೆಗೆದು ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿದ್ದೆ. ಹಾಡಿನ ನಡುವೆ ಖಾಲಿ ಜಾಗವಿದ್ದರೆ ಗೆರೆಯಲ್ಲಿ ಕಾಣುತ್ತದೋ ಎಂದು. ಕಾಣಲಿಲ್ಲ. ಆದರೆ ಮೈದಾ ಮೂಟೆಗಳ ಹಿಂದಿನ ಪೆಟ್ಟಿಗೆಯನ್ನು ನೋಡಿ ಬಂದವಳು ನಾನೊಬ್ಬಳೇ.

"ಕೊಡ್ಲಿಕ್ಕಿಲ್ಲ" ಎಂದೆ. "ಬಾಯಿಗೆ ಭಾನುವಾರ ಅಂತ ಹೇಳಿದ್ದೇವೆ. ಅವರು ಮೊದಲು ಹಾಕಿದ್ರೆ ಅದು ಅವರ ಹಕ್ಕು. ನಾವು ಇವತ್ತು ಹಾಕಿದ್ರೆ ಅವರದ್ದನ್ನು ಕದ್ದ ಹಾಗೆ."

"ಇದು ನೀವು ಹುಡುಕಿ ತಂದದ್ದು."

"ಅವರಿಗೆ ಅದು ಬಂದು ಮೂವತ್ತನಾಲ್ಕು ವರ್ಷ ಆಯ್ತು ಬ್ಯಾರಿಗಳೇ."

ಇದಿನಬ್ಬ ಬ್ಯಾರಿಗಳು ನನ್ನನ್ನೇ ನೋಡುತ್ತಾ ನಿಂತರು. ಹದಿನೈದು ವರ್ಷದ ಸ್ನೇಹದಲ್ಲಿ ಅವರು ಹಾಗೆ ನೋಡಿದ್ದಿಲ್ಲ. "ನಾಳೆ ಪೊರ್ಬುಗಳ ಮುಖ ನೋಡಿ ನೀವೇ ಉತ್ತರ ಕೊಡಿ" ಎಂದು ಚಪ್ಪಲಿ ಮೆಟ್ಟಿದರು. ಅವರು ಹೋದ ಮೇಲೆ ನಾನು ಬೇಕರಿಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದೆ. ಅಲ್ಲಿಂದ ಏನಾದರೂ ಕೇಳಿ ಬಂದರೆ ಎಂದು ಹೆದರಿಕೆ. ಏನೂ ಕೇಳದಿದ್ದರೂ ಹೆದರಿಕೆಯೇ.

ಭಾನುವಾರ ಪೊರ್ಬುಗಳು ಕಿವಿಯ ಹತ್ತಿ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಶನಿವಾರ ನಡೆದದ್ದನ್ನು ಬ್ಯಾರಿಗಳು ಅವರಿಗೆ ಹೇಳಿದ್ದರೆಂದು ಕಾಣುತ್ತದೆ. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಬೆಂಚಿನಲ್ಲಿ ಕೂತರು. ಅವತ್ತು ಯಾರೂ ಹೊಸತನ್ನು ತಂದಿರಲಿಲ್ಲ. ಮೇಜಿನ ಮೇಲೆ ಆ ತಟ್ಟೆ ಒಂದೇ.

ಇದಿನಬ್ಬ ಬ್ಯಾರಿಗಳು ಕೀ ಕೊಟ್ಟರು. ಹೊಸ ಮುಳ್ಳು ಹಾಕಿದರು. ಪೊರ್ಬುಗಳು ಬೆಂಚನ್ನು ಎಳೆದುಕೊಂಡು ಬಲಗಿವಿಯನ್ನು ಗ್ರಾಮಫೋನಿನ ಬಾಯಿಗೆ ಹಿಡಿದರು. ತಟ್ಟೆ ತಿರುಗತೊಡಗಿತು. ಬ್ಯಾರಿಗಳ ಕೈ ಮುಳ್ಳನ್ನು ಎತ್ತಿ ಹಿಡಿದಿತ್ತು. ಅದನ್ನು ಇಳಿಸಿದ ಕೂಡಲೇ ಗೊತ್ತಾಗುವುದಿತ್ತು. ಅವರು ಇಳಿಸಲಿಲ್ಲ.

ಆಗ ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದಾಯಿತು. ಮರದ ಮೆಟ್ಟಿಲು, ಒಂದೊಂದೇ ಹೆಜ್ಜೆ. ಸೆವ್ರಿನ್ ಬಾಯಿ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು. ಬೇಕರಿಯ ಬಟ್ಟೆಯಲ್ಲಿರಲಿಲ್ಲ, ಇಗರ್ಜಿಗೆ ಹೋಗುವ ಸೀರೆ ಉಟ್ಟಿದ್ದರು.

"ನಾನು ಹಾಕ್ಲಿಲ್ಲ" ಎಂದರು. ಯಾರ ಮುಖವನ್ನೂ ನೋಡದೆ, ಗ್ರಾಮಫೋನಿಗೆ ಹೇಳುವ ಹಾಗೆ ಹೇಳಿದರು. "ಮೆಷಿನ್ ತರಿಸಿದೆ. ಕೀ ಕೊಟ್ಟೆ. ಮುಳ್ಳು ಇಡ್ಲಿಕ್ಕೆ ಕೈ ಬರ್ಲಿಲ್ಲ. ಒಟ್ಟಿಗೆ ಕೇಳುವ ಅಂತ ಬರ್ದಿದ್ರು. ಒಬ್ಬಳೇ ಕೂತು ಕೇಳಿದ್ರೆ ಅದು ಒಟ್ಟಿಗೆ ಹೇಗೆ ಆಗ್ತದೆ."

ಕೂರಲು ಜಾಗವಿದ್ದದ್ದು ಪೊರ್ಬುಗಳ ಬೆಂಚಿನಲ್ಲಿ ಮಾತ್ರ. ನಾನು ಏಳಹೊರಟೆ. ಬಾಯಿ ಬೇಡ ಎಂದು ಕೈ ತೋರಿಸಿ, ಬೆಂಚಿನ ಆ ತುದಿಯಲ್ಲಿ ಕೂತರು. ಪೊರ್ಬುಗಳಿಗೆ ಅವರು ಹೇಳಿದ್ದು ಕೇಳಿರಲಿಲ್ಲ. ಪಕ್ಕದಲ್ಲಿ ಕೂತದ್ದು ಯಾರೆಂದು ತಿರುಗಿ ನೋಡಿದವರು, ಬೆಂಚಿನಲ್ಲಿ ಸ್ವಲ್ಪ ಸರಿದು ಮತ್ತೆ ಕಿವಿಯನ್ನು ಗ್ರಾಮಫೋನಿಗೆ ಹಿಡಿದರು.

ಮುಳ್ಳು ಇಳಿಯಿತು. ಸ್ವಲ್ಪ ಹೊತ್ತು ಕೆರೆತ. ಆಮೇಲೆ ಟ್ರಂಪೆಟ್ಟು.

ನಾನು ಕೇಳಿದ ಎಷ್ಟೋ ರೆಕಾರ್ಡುಗಳಲ್ಲಿ ಇದಕ್ಕಿಂತ ಚೆನ್ನಾಗಿ ಊದಿದವರಿದ್ದಾರೆ. ಆದರೆ ಇವರಂತೆ ಅವಸರವಿಲ್ಲದೆ ಊದಿದವರನ್ನು ಕೇಳಿದ ನೆನಪಿಲ್ಲ. ಒಂದು ಸ್ವರ ಹಿಡಿದರೆ ಅದು ತಾನಾಗಿ ತಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ. ಹಿಂದೆ ಡ್ರಮ್ಮು, ದೊಡ್ಡ ತಂತಿವಾದ್ಯ, ಮೆಲ್ಲಗೆ ಪಿಯಾನೊ. ಪೊರ್ಬುಗಳ ಬೆರಳುಗಳು ಮೊಣಕಾಲಿನ ಮೇಲೆ ಎಣಿಸುತ್ತಿದ್ದವು. ಮೂವತ್ತೆರಡು ಸುತ್ತು ಮುಗಿಯುತ್ತ ಬಂದಂತೆ ಅವರು ಮುಂದೆ ಬಾಗಿ ಗ್ರಾಮಫೋನಿನ ಬಾಯೊಳಗೆ ತಲೆಯಿಟ್ಟವರಂತಾದರು.

ಟ್ರಂಪೆಟ್ಟು ನಿಂತಿತು. ಪಿಯಾನೊವೂ ತಂತಿವಾದ್ಯವೂ ನಿಂತವು. ಉಳಿದದ್ದು ಡ್ರಮ್ಮಿನವನು ಕಸಪೊರಕೆಯಂಥ ಕಡ್ಡಿಗಳಿಂದ ಮೆಲ್ಲಗೆ ತಾಳ ಸವರುವ ಸದ್ದು ಮಾತ್ರ. ನನಗೇ ಅದು ಮುಳ್ಳಿನ ಕೆರೆತದಿಂದ ಬೇರೆಯಾಗಿ ಕೇಳಿಸಿದ್ದು ಎರಡು ಸುತ್ತು ಕಳೆದ ಮೇಲೆ. ಪೊರ್ಬುಗಳ ಬೆರಳು ನಿಂತಿತು. ಅವರು ತಲೆಯೆತ್ತಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅಂಥ ಹೆದರಿಕೆಯನ್ನು ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ. ಕಿವಿ ಹೋಯಿತೆಂದು ತಿಳಿದಿದ್ದರು. ನಾವು ಮೂವರೂ ತುಟಿ ಬಿಚ್ಚುವಂತಿರಲಿಲ್ಲ. ಮಾತಾಡಿದರೆ ಉಳಿದದ್ದರ ಮೇಲೆ ಮಾತು ಬೀಳುತ್ತಿತ್ತು.

ಸೆವ್ರಿನ್ ಬಾಯಿ ಪೊರ್ಬುಗಳ ಕೈಯನ್ನು ಹಿಡಿದರು. ಹಿಡಿದು, ಅಂಗೈಯ ಮೇಲೆ ಬೆರಳಿನಿಂದ ತಾಳ ಹೊಡೆಯತೊಡಗಿದರು, ಡ್ರಮ್ಮಿನ ಜೊತೆಗೇ. ಒಂದು ಎರಡು ಮೂರು ನಾಲ್ಕು. ಮತ್ತೆ ಒಂದು ಎರಡು. ಮೂರು ಸುತ್ತು, ನಾಲ್ಕು ಸುತ್ತು. ಪೊರ್ಬುಗಳು ಮೊದಲು ಅರ್ಥವಾಗದೆ ಅವರ ಬೆರಳನ್ನು ನೋಡಿದರು. ಆಮೇಲೆ ತಟ್ಟೆ ತಿರುಗುವುದನ್ನು ನೋಡಿದರು. ಅವರ ಎಡಗೈ ಮೇಲೆ ಬಂತು, ಎದೆಯ ಮುಂದೆ, ಇಲ್ಲದ ಕ್ಲಾರಿನೆಟ್ಟಿನ ಮೇಲೆ ಬೆರಳುಗಳು ಓಡಿದವು. ಎಂಟನೆಯ ಸುತ್ತು ಮುಗಿದು ಟ್ರಂಪೆಟ್ಟು ಪುನಃ ಬಂದಾಗ ಬಾಯಿ ಕೈ ಬಿಟ್ಟರು. ಹಾಡು ಮುಗಿಯುವವರೆಗೂ ಪೊರ್ಬುಗಳು ಕಣ್ಣು ತೆರೆಯಲಿಲ್ಲ.

ಬ್ಯಾರಿಗಳು ಮುಳ್ಳನ್ನೆತ್ತಿದರು. ಮೊದಲು ಮಾತಾಡಿದ್ದು ಬಾಯಿ. ಕೊಂಕಣಿಯಲ್ಲಿ, ಪೊರ್ಬುಗಳ ಬಲಗಿವಿಗೆ.

"ನಿನ್ನ ಜಾಗ ಅದು. ಯಾರಿಗೂ ಕೊಡ್ಲಿಲ್ಲ."

"ಕೇಳಿತು ವೊನಿ" ಎಂದರು ಪೊರ್ಬುಗಳು. ಅತ್ತಿಗೆಯನ್ನು ಅವರು ಮೊದಲು ಹಾಗೆಯೇ ಕರೆಯುತ್ತಿದ್ದರಂತೆ. ಆಮೇಲೆ, "ನಾನು ಇರ್ತಿದ್ರೆ ಅವನಿಗೆ ನೀರು ಕೊಡ್ತಿದ್ದೆ" ಎಂದರು. ಬಾಯಿ ಎದ್ದು ಹೋಗಲಿಲ್ಲ.

ಬಾಯಿಗೆಂದು ಊದುತ್ತೇನೆಂದಿದ್ದ ತುಂಡು ಈ ಬದಿಯಲ್ಲಿ ಇರಲಿಲ್ಲವೆಂದು ಅವರ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಇನ್ನೊಂದು ಬದಿ ಉಳಿದಿತ್ತು. ಅದನ್ನು ಕೇಳಲು ನಮಗೆಲ್ಲ ಎಷ್ಟು ಆಸೆಯಿತ್ತೆಂದು ಹೇಳಿದರೆ ನಾಚಿಕೆಯಾಗುತ್ತದೆ. ಪೊರ್ಬುಗಳು ತಟ್ಟೆಯನ್ನು ತಾವೇ ತಿರುಗಿಸಿ ಇಟ್ಟು, ಕೀ ಕೊಟ್ಟು, ಮುಳ್ಳನ್ನು ಬಾಯಿಯ ಕೈಗೆ ಕೊಟ್ಟರು. "ಇದು ನಿಮ್ಮದು. ನಾವು ಕೆಳಗೆ ಇರ್ತೇವೆ" ಎಂದರು. ಒಬ್ಬರೇ ಕೇಳಬಾರದೆಂಬ ನಿಯಮವನ್ನು ಯಾರೂ ಎತ್ತಲಿಲ್ಲ. ಇದಿನಬ್ಬ ಬ್ಯಾರಿಗಳೇ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದರು.

ನಾವು ಬೀದಿಗೆ ಬಂದು, ಅಂಗಡಿಯಿಂದ ನಾಲ್ಕು ಮನೆ ಆಚೆ, ಕಿವಿಗೆ ಕೈ ಒತ್ತಿಕೊಂಡು ನಿಂತೆವು. ಮಾಸ್ಟ್ರು ಕೈ ಗಡಿಯಾರ ನೋಡಿ ಮೂರು ನಿಮಿಷ ಎಣಿಸಿದರು. ನಾಲ್ಕಾಯಿತು. ಐದಾಯಿತು. ಹತ್ತು ನಿಮಿಷವಾದರೂ ಬಾಯಿ ಇಳಿದು ಬರಲಿಲ್ಲ. ನಾನು ಮೇಲೆ ಹೋಗಿ ನೋಡಲೇ ಎಂದು ಯೋಚಿಸುವಾಗ ಅವರು ಬಾಗಿಲಿನಲ್ಲಿ ಕಂಡರು. ಕಣ್ಣು ಒರೆಸಿಕೊಂಡ ಗುರುತಿತ್ತು, ಆದರೆ ನಡಿಗೆ ಗಟ್ಟಿಯಿತ್ತು. ನಮ್ಮ ಹತ್ತಿರ ಬಂದು ನಿಂತರು.

"ಆ ತುಂಡು ಇಲ್ಲ" ಎಂದರು. "ಮರೆತರೋ, ಜಾಗ ಸಿಗ್ಲಿಲ್ಲವೋ. ಇಲ್ಲ ಅದು."

ಮಾಸ್ಟ್ರು ಗಡಿಯಾರದ ಕೈಯನ್ನು ಕೆಳಗಿಳಿಸಿದರು.

"ಆದ್ರೆ ಕೊನೆಗೆ, ಎಲ್ಲ ನಿಂತ ಮೇಲೆ, ಅವರ ಮಾತುಂಟು. ರೆಕಾರ್ಡು ಮಾಡುವವರು ಮೆಷಿನ್ ನಿಲ್ಲಿಸ್ಲಿಕ್ಕೆ ತಡ ಮಾಡಿದ್ರು ಅಂತ ಕಾಣ್ತದೆ. ಜಾಲೆಂಗೀ ಅಂತ ಕೇಳ್ತಾರೆ. ಆಯ್ತಾ ಅಂತ. ಅಷ್ಟೇ." ಬಾಯಿ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು. "ಬೆಳಿಗ್ಗೆ ಎದ್ದು ಒಲೆಯ ಹತ್ರ ಬಂದು ನನ್ನ ಹತ್ರ ಕೇಳ್ತಿದ್ದದ್ದು ಅದೇ. ಬ್ರೆಡ್ಡು ಆಯ್ತಾ ಅಂತ. ಅದೇ ದನಿ. ನಾನು ಆಯ್ತು ಅಂತ ಹೇಳಿಬಿಟ್ಟೆ ಅಲ್ಲಿ."

ಪೊರ್ಬುಗಳು ಅವರ ತುಟಿಗಳನ್ನೇ ನೋಡುತ್ತಿದ್ದರು. "ಎಂತ ಹೇಳಿದ್ದು ಅವ?" ಎಂದು ಕೇಳಿದರು.

ಸೆವ್ರಿನ್ ಬಾಯಿ ಪೊರ್ಬುಗಳ ಬಲಬದಿಗೆ ಬಂದು, ಕಿವಿಗೆ ಕೈ ಅಡ್ಡ ಹಿಡಿದು, ಗಂಡಸಿನ ದನಿ ಮಾಡಿ ಹೇಳಿದರು, "ಜಾಲೆಂಗೀ?"

ಪೊರ್ಬುಗಳು ತಲೆ ಆಡಿಸಿದರು. "ಹಾಗಲ್ಲ. ಅವ ಮೂಗಿನಲ್ಲಿ ಹೇಳ್ತಿದ್ದ."

ಬಾಯಿ ಒಂದು ಕ್ಷಣ ಯೋಚಿಸಿ, ಸ್ವಲ್ಪ ಮೂಗಿನಿಂದ, ಕೊನೆಯನ್ನು ಎಳೆದು, ಇನ್ನೊಮ್ಮೆ ಹೇಳಿದರು. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದು, ಅವರಿಬ್ಬರೂ ಸರಿಯದ್ದರಿಂದ ಸುತ್ತು ಹಾಕಿ ಹೋದ.

"ಹಾಂ" ಎಂದರು ಪೊರ್ಬುಗಳು. "ಹಾಗೆ."